ಮಸಲ್ ಕಾರ್‌ಗೆ ಜಾಸ್ತಿ ದುಡ್ಡು ಸುರಿಯೋ ಮುಂಚೆ ಟೈರ್ ಕಡೆ ನೋಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಅಮೆರಿಕದ ಮಸಲ್ ಕಾರ್‌ಗಳ, ಅಂದ್ರೆ ದೊಡ್ಡ ಇಂಜಿನ್ ಕೂರಿಸಿದ ಜೋರಿನ ಕಾರ್‌ಗಳ ಬಗ್ಗೆ ಬಂದ ಲೇಖನ ಓದ್ದೆ. ಚೆನ್ನಾಗಿತ್ತು, ಫೋಟೋಗಳಂತೂ ತುಂಬಾನೇ ಇಷ್ಟ ಆದ್ವು, ಆದ್ರೆ ಕೊನೇಲಿ ದುಡ್ಡು ಹೊಂದಿಸೋಕಾದ್ರೆ ಕಣ್ಮುಚ್ಚಿ ಅತಿ ದೊಡ್ಡ ಇಂಜಿನ್ ಇರೋದನ್ನೇ ತಗೊಳ್ಳಿ ಅನ್ನೋ ಅರ್ಥದಲ್ಲಿ ಒಂದು ಸಲಹೆ ಇತ್ತಲ್ಲ, ಅದನ್ನ ಓದಿದ ಮೇಲೆ ಸುಮ್ನಿರೋಕೆ ಆಗ್ಲಿಲ್ಲ. ಇಲ್ಲಿ ಅಮೆರಿಕದಲ್ಲಿ ಇರೋ ನಮ್ಮ ಹುಡುಗರು ಎಷ್ಟೋ ಜನ ನಿಮ್ಮ ಪೇಪರ್ ಫೋನಲ್ಲೇ ಓದ್ತಾರೆ, ಕೆಲಸ ಸಿಕ್ಕಿ ಎರಡು ಮೂರು ವರ್ಷ ಆದ್ಮೇಲೆ ಮೊದಲು ಕಣ್ಣು ಹೋಗೋದೇ ಈ ಕಾರ್‌ಗಳ ಮೇಲೆ, ಅವರು ಆ ಸಾಲನ್ನ ಓದಿ ಸೀದಾ ಡೀಲರ್ ಹತ್ರ ಹೋದ್ರೆ ಅನ್ನೋ ಯೋಚನೆ ನಂಗೆ.

ನಾನಿರೋದು ಮಿಷಿಗನ್‌ನಲ್ಲಿ. ಈ ಕಾರ್‌ಗಳು ಹುಟ್ಟಿದ ಊರು ಅಂತಾನೇ ಅನ್ನಿ, ಫೋರ್ಡ್‌ನ ಮಸ್ಟಾಂಗ್ ಇವತ್ತಿಗೂ ಇಲ್ಲೇ ಫ್ಲಾಟ್ ರಾಕ್‌ನಲ್ಲಿ ತಯಾರಾಗುತ್ತೆ, ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಡ್ರೀಮ್ ಕ್ರೂಸ್ ಅಂತ ಹಳೇ ಹೊಸ ಕಾರ್‌ಗಳೆಲ್ಲ ಸಾಲುಗಟ್ಟಿ ಬರ್ತವೆ, 1995ರಿಂದ ನಡೀತಿದೆ ಅದು. ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಡಾಡ್ಜ್ ಚಾಲೆಂಜರ್, ಅದರಲ್ಲಿ ಸ್ಕ್ಯಾಟ್ ಪ್ಯಾಕ್ ಅನ್ನೋ ಮಾಡೆಲ್, ನನ್ನ ಹಳೇ ಗೆಳೆಯನ ಹತ್ರ ಅದೇ ಕಾರಿನ ಇನ್ನೂ ಜೋರಿನ ಮಾಡೆಲ್ ಹೆಲ್‌ಕ್ಯಾಟ್, ಎರಡನ್ನೂ ನಾನು ಬೇಕಾದಷ್ಟು ಓಡಿಸಿದೀನಿ, ಬದಲಾಯಿಸ್ಕೊಂಡು ಓಡಿಸಿದೀವಿ. ಹೋದ ವರ್ಷ ಟೆಕ್ಸಸ್‌ನಲ್ಲಿರೋ ನಮ್ಮ ಅಕ್ಕನ ಮಗ ಫೋನ್ ಮಾಡಿ, "ಮಾವ, ಸ್ಕ್ಯಾಟ್ ಪ್ಯಾಕ್ ನೋಡಿದೀನಿ, ಆದ್ರೆ ಇನ್ನೊಂದ್ಚೂರು ಎಳೆದ್ರೆ ಹೆಲ್‌ಕ್ಯಾಟೇ ಬರುತ್ತೆ, ಏನ್ಮಾಡ್ಲಿ?" ಅಂದ. ಆ ಪ್ರಶ್ನೆಗೆ ನಾನು ಅವನಿಗೆ ಕೊಟ್ಟ ಉತ್ತರಾನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದೀನಿ.

ಮೊದಲು ಲೆಕ್ಕ ಗೊತ್ತಿರಲಿ. ಚಾಲೆಂಜರ್‌ನಲ್ಲಿ ಕೆಳಗಿಂದ ಹೋದ್ರೆ 3.6 ಲೀಟರ್ ವಿ6, ಅದು 305 ಹಾರ್ಸ್‌ಪವರ್, ಆಮೇಲೆ ಹೆಮಿ ಅನ್ನೋ 5.7 ಲೀಟರ್ ವಿ8 ಇಂಜಿನ್ ಇರೋ ಆರ್‌ಟಿ, ಸುಮಾರು 375, ಆಮೇಲೆ 6.4 ಲೀಟರ್‌ನ ಸ್ಕ್ಯಾಟ್ ಪ್ಯಾಕ್, 485. ಅದರ ಮೇಲೆ ಸೂಪರ್‌ಚಾರ್ಜರ್, ಅಂದ್ರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಪಂಪು, ಇರೋ 6.2 ಲೀಟರ್ ಹೆಲ್‌ಕ್ಯಾಟ್, 2015ರಲ್ಲಿ ಬಂದಾಗ 707. ಆ ವರ್ಷ ಸ್ಕ್ಯಾಟ್ ಪ್ಯಾಕ್ ಹೊಸದು ಸುಮಾರು 38 ಸಾವಿರ ಡಾಲರ್‌ನಿಂದ ಶುರು, ಹೆಲ್‌ಕ್ಯಾಟ್ ಸುಮಾರು 60 ಸಾವಿರದಿಂದ. ಅಂದ್ರೆ 222 ಹಾರ್ಸ್‌ಪವರ್‌ಗೆ 22 ಸಾವಿರ ಡಾಲರ್ ಜಾಸ್ತಿ, ಹೆಚ್ಚುಕಮ್ಮಿ ಒಂದು ಹಾರ್ಸ್‌ಪವರ್‌ಗೆ ನೂರು ಡಾಲರ್. ಕಾಗದದ ಮೇಲೆ ನೋಡಿದ್ರೆ ಪರವಾಗಿಲ್ವಲ್ಲ, ನ್ಯಾಯವಾಗೇ ಇದೆಯಲ್ಲ ರೇಟು ಅನ್ಸುತ್ತೆ. ಚಾಲೆಂಜರ್, ಶೆವ್ರೊಲೆಯ ಕಮಾರೋ ಎರಡೂ 2023ರ ಡಿಸೆಂಬರ್‌ಗೆ ನಿಂತುಹೋದ್ವು, ಈಗ ಸಿಗೋದು ಹೆಚ್ಚಾಗಿ ಸೆಕೆಂಡ್ ಹ್ಯಾಂಡೇ, ಆದ್ರೂ ಸ್ಕ್ಯಾಟ್ ಪ್ಯಾಕ್, ಹೆಲ್‌ಕ್ಯಾಟ್ ರೇಟಿನ ಮಧ್ಯ ದೊಡ್ಡ ಅಂತರ ಇದ್ದೇ ಇದೆ.

ಈಗ ನೋಡಿ, ಹಾರ್ಸ್‌ಪವರ್ ಹುಟ್ಟೋದು ಇಂಜಿನ್‌ನಲ್ಲಿ, ಆದ್ರೆ ಕೆಲಸ ಮಾಡೋದು ಹಿಂದಿನ ಎರಡು ಟೈರು ರೋಡಿಗೆ ಮುಟ್ಟೋ ಜಾಗದಲ್ಲಿ, ನಮ್ಮ ಅಂಗೈಗಿಂತ ಸ್ವಲ್ಪ ದೊಡ್ಡ ಎರಡು ತುಂಡು ರಬ್ಬರ್ ಅಷ್ಟೇ. ಡ್ರೈವರ್ ಕೂತ ಮೇಲೆ ಹೆಲ್‌ಕ್ಯಾಟ್ ತೂಕ ಸುಮಾರು 4,600 ಪೌಂಡ್ ಅನ್ಕೊಳ್ಳಿ, ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಸರಿದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಒಂದು 2,500 ಪೌಂಡ್, ಹಿಂದಿನ ಟೈರ್‌ಗಳ ಮೇಲೆ ಬರುತ್ತೆ. ಒಳ್ಳೇ ಟೈರು, ಒಣಗಿದ ಬೆಚ್ಚಗಿನ ರೋಡು ಇದ್ರೆ ಹೆಚ್ಚುಕಮ್ಮಿ ಅಷ್ಟೇ ಬಲದಲ್ಲಿ ಅವು ಕಾರನ್ನ ಮುಂದಕ್ಕೆ ತಳ್ಳಬಲ್ಲವು, ಅದಕ್ಕಿಂತ ಜಾಸ್ತಿ ಕೊಟ್ರೆ ಜಾರ್ತವೆ. ಈ 2,500 ಪೌಂಡ್ ಬಲಾನ ಸ್ಪೀಡಿನ ಜೊತೆ ಗುಣಿಸಿದ್ರೆ ಎಷ್ಟು ಹಾರ್ಸ್‌ಪವರ್ ಉಪಯೋಗಕ್ಕೆ ಬರುತ್ತೆ ಅಂತ ಸಿಗುತ್ತೆ, ಪಿಯುಸಿ ಫಿಸಿಕ್ಸ್ ಸಾಕು ಇದಕ್ಕೆ. ಗಂಟೆಗೆ 40 ಮೈಲಿಯಲ್ಲಿ ಚಕ್ರದ ಹತ್ರ ಸುಮಾರು 270 ಹಾರ್ಸ್‌ಪವರ್, ಅಷ್ಟೇ. 60 ಮೈಲಿಯಲ್ಲಿ ಸುಮಾರು 400. ಇಂಜಿನ್‌ನಿಂದ ಚಕ್ರಕ್ಕೆ ಬರೋ ಅಷ್ಟರಲ್ಲಿ ಗೇರ್‌ಬಾಕ್ಸು ಡಿಫರೆನ್ಷಿಯಲ್ಲು ಅಂತ ಒಂದು ಶೇಕಡ 15 ಕಳೀರಿ, ಸ್ಕ್ಯಾಟ್ ಪ್ಯಾಕ್‌ನ 485 ಚಕ್ರದ ಹತ್ರ 410 ಆಗುತ್ತೆ. ಅಂದ್ರೆ 60 ಮೈಲಿವರೆಗೂ ಟೈರು ಎಷ್ಟು ತಡ್ಕೊಳ್ಳುತ್ತೋ ಅಷ್ಟನ್ನ ಸ್ಕ್ಯಾಟ್ ಪ್ಯಾಕೇ ಕೊಟ್ಟುಬಿಡುತ್ತೆ! ಹೆಲ್‌ಕ್ಯಾಟ್‌ದು ಚಕ್ರದ ಹತ್ರ 600, ಅದು ಪೂರ್ತಿ ರೋಡಿಗೆ ಇಳೀಬೇಕು ಅಂದ್ರೆ ನೀವು ಗಂಟೆಗೆ 90 ಮೈಲಿ ದಾಟಿರಬೇಕು. ಕೊಡದ ಬಾಯಿ ಚಿಕ್ಕದಿದ್ರೆ ನಲ್ಲಿ ಎಷ್ಟು ಜೋರಾಗಿ ಬಿಟ್ರೂ ಒಳಗೆ ಹೋಗೋದು ಅಷ್ಟೇ, ಉಳಿದಿದ್ದು ಚೆಲ್ಲುತ್ತೆ, ಇಲ್ಲೂ ಹಾಗೇ, ಚೆಲ್ಲಿದ್ದು ಹೊಗೆಯಾಗಿ ಹೋಗುತ್ತೆ, ಜೊತೆಗೆ ಟೈರೂ ಸವೆಯುತ್ತೆ.

ಇದು ಅಂದಾಜಿನ ಲೆಕ್ಕ, ಯಾವ ಗೇರ್, ಎಷ್ಟು ಆರ್‌ಪಿಎಮ್, ಟೈರ್ ಯಾವ ಕಂಪನಿದು ಅನ್ನೋದರ ಮೇಲೆ ಆಚೆ ಈಚೆ ಆಗುತ್ತೆ, ಡ್ರ್ಯಾಗ್ ಸ್ಟ್ರಿಪ್‌ನಲ್ಲಿ, ಅಂದ್ರೆ ನೇರ ಓಟದ ರೇಸ್ ಜಾಗದಲ್ಲಿ, ಅಂಟು ಹಾಕಿದ ಟ್ರ್ಯಾಕ್ ಮೇಲೆ ಮೆತ್ತಗಿನ ರಬ್ಬರ್ ಹಾಕಿದ್ರೆ ಬೇರೆ. ಆದ್ರೆ ಊರ ರೋಡಿನ ಮಟ್ಟಿಗೆ ವಿಷ್ಯ ಇದೇ. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಸ್ಪೀಡ್ ಲಿಮಿಟ್ ಇರೋದು ಟೆಕ್ಸಸ್‌ನ 130ನೇ ಸ್ಟೇಟ್ ಹೈವೇಯ ಒಂದು ಭಾಗದಲ್ಲಿ, ಅಲ್ಲೂ 85 ಮೈಲಿ. ಅಂದ್ರೆ ಕಾನೂನು ಮುರೀದೇ 707 ಹಾರ್ಸ್‌ಪವರ್ ಪೂರ್ತಿ ರೋಡಿಗೆ ಇಳಿಸೋ ಜಾಗ ಈ ದೇಶದ ಸಾರ್ವಜನಿಕ ರಸ್ತೆಗಳಲ್ಲಿ ಇಲ್ಲವೇ ಇಲ್ಲ. ನಮ್ಮ ಹುಡುಗ ಇರೋದು ಆ ಹೈವೇಗೆ ಹತ್ರದಲ್ಲೇ, ಅವನಿಗೆ ಇದನ್ನ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಇನ್ನೊಂದು ವಿಷ್ಯ, ಹೆಲ್‌ಕ್ಯಾಟ್ ಜೊತೆ ಎರಡು ಥರದ ಕೀ ಕೊಡ್ತಿದ್ರು, ಕೆಂಪು ಒಂದು ಕಪ್ಪು ಒಂದು. ಕೆಂಪು ಕೀ ಇದ್ರೆ ಪೂರ್ತಿ ಪವರ್, ಕಪ್ಪು ಕೀ ಇದ್ರೆ 500 ಹಾರ್ಸ್‌ಪವರ್‌ಗೆ ಕಟ್ಟು. ಕಾರ್ ಮಾಡಿದ ಕಂಪನಿಯೇ ದಿನಾ ಓಡಾಡೋಕೆ 500 ಸಾಕು ಅಂತ ಒಪ್ಪಿಕೊಂಡ ಹಾಗಾಯ್ತು. ನನ್ನ ಗೆಳೆಯ ಮಳೆಗಾಲದಲ್ಲಿ, ಹೆಂಡತಿ ಮಕ್ಕಳು ಜೊತೆಗಿದ್ದಾಗ ಕಪ್ಪು ಕೀನೇ ತಗೊಂಡು ಹೋಗೋದು. ಆ ದಿನಗಳಲ್ಲೆಲ್ಲ ಅವನು ಸ್ಕ್ಯಾಟ್ ಪ್ಯಾಕ್‌ಗಿಂತ ಬರೀ 15 ಹಾರ್ಸ್‌ಪವರ್ ಜಾಸ್ತಿ ಇರೋ ಕಾರ್ ಓಡಿಸ್ತಿದಾನೆ, ಕಂತು ಮಾತ್ರ ಹೆಲ್‌ಕ್ಯಾಟ್‌ದು ಕಟ್ಟೋದು.

ಓಡಿಸಿದಾಗ ಹೆಂಗಿರುತ್ತೆ ಅಂತ ಕೇಳಿದ್ರೆ ಮುಚ್ಚುಮರೆ ಇಲ್ಲದೆ ಹೇಳ್ತೀನಿ, ಹೆಲ್‌ಕ್ಯಾಟ್‌ನ ಆ ಸೂಪರ್‌ಚಾರ್ಜರ್ ಕಿರಿಚೋ ಸದ್ದು, 50 ಮೈಲಿಯಿಂದ ಹೈವೇ ರ‍್ಯಾಂಪ್ ಮೇಲೆ ಕಾಲು ಒತ್ತಿದಾಗ ಬೆನ್ನು ಸೀಟಿಗೆ ಅಂಟ್ಕೊಳ್ಳೋದು, ಅದನ್ನ ಯಾವ ಲೆಕ್ಕದಿಂದಲೂ ಅಳಿಸಿಹಾಕೋಕೆ ಆಗಲ್ಲ, ಅದ್ಭುತವಾಗಿರುತ್ತೆ. ಆದ್ರೆ ಆ ಸುಖ ಎರಡರಿಂದ ಮೂರು ಸೆಕೆಂಡ್. ಅಷ್ಟರಲ್ಲಿ ಲಿಮಿಟ್ ದಾಟಿರ್ತೀರಿ, ಕಾಲು ತೆಗೀಲೇಬೇಕು. ಸ್ಕ್ಯಾಟ್ ಪ್ಯಾಕ್‌ನಲ್ಲಿ ಅದೇ ರ‍್ಯಾಂಪ್ ಮೇಲೆ ಅದೇ ಲಿಮಿಟ್ ಮುಟ್ಟೋಕೆ ಇನ್ನೊಂದು ಚೂರು ಹೊತ್ತು ಹಿಡಿಯುತ್ತೆ, ಇಂಜಿನ್ ಮೇಲಿನ ಆರ್‌ಪಿಎಮ್‌ವರೆಗೂ ಏರೋದನ್ನ ಪೂರ್ತಿ ಕೇಳಿಸ್ಕೊಬಹುದು, ಕಾಲನ್ನ ತಳದವರೆಗೂ ಒತ್ತಬಹುದು, ಗಾಡಿ ಕೈ ಮಾತು ಕೇಳುತ್ತೆ. ಇರೋ ಶಕ್ತೀನ ಪೂರ್ತಿ ಉಪಯೋಗಿಸೋ ಖುಷಿ ಇದೆಯಲ್ಲ ಅದು ನಂಗೆ ದೊಡ್ಡದು. ಹೆಲ್‌ಕ್ಯಾಟ್‌ನಲ್ಲಿ ಯಾವಾಗ್ಲೂ ಅರ್ಧ ಕಾಲು ಹಿಡ್ಕೊಂಡೇ ಓಡಿಸ್ಬೇಕು, ಮಳೇಲಿ ಮೂರನೇ ಗೇರ್‌ನಲ್ಲಿ ಕೂಡ ಹಿಂದೆ ಜಾರೋಕೆ ಶುರು ಮಾಡುತ್ತೆ. ಇಲ್ಲಿ ಮಿಷಿಗನ್‌ನಲ್ಲಿ ಅಕ್ಟೋಬರ್ ಕಳೀತಿದ್ದ ಹಾಗೆ ಚಳಿ, ಈ ಕಾರ್‌ಗಳ ಜೊತೆ ಬರೋ ಸಮ್ಮರ್ ಟೈರ್ ಚಳಿಗೆ ಗಟ್ಟಿಯಾಗಿ ಹಿಡಿತಾನೇ ಕಳ್ಕೊಳ್ಳುತ್ತೆ, ಆಗ ಮೇಲೆ ಹೇಳಿದ 2,500 ಪೌಂಡ್ ಎಲ್ಲಾ ಮರೆತುಬಿಡಿ.

ಪತ್ರಿಕೆಗಳಲ್ಲಿ ಬರೋ 0ಯಿಂದ 60 ಅಂಕಿನೂ, ಅಂದ್ರೆ ನಿಂತ ಕಾರ್ 60 ಮೈಲಿ ಸ್ಪೀಡ್ ಮುಟ್ಟೋಕೆ ಹಿಡಿಯೋ ಸೆಕೆಂಡು, ಸ್ವಲ್ಪ ಎಚ್ಚರದಿಂದ ಓದ್ಬೇಕು. ಅಮೆರಿಕದ ಕಾರ್ ಮ್ಯಾಗಜೀನ್‌ಗಳು ಮೊದಲ ಒಂದು ಅಡಿ ಓಟಾನ ಲೆಕ್ಕಕ್ಕೆ ತಗೊಳ್ಳಲ್ಲ, ಗಾಡಿ ಒಂದಡಿ ಚಲಿಸಿದ ಮೇಲೆ ವಾಚ್ ಶುರು, ಅಲ್ಲೇ ಸೆಕೆಂಡಿನ ಕಾಲು ಭಾಗದ ಹತ್ರ ಉಳಿತಾಯ ಆಗಿಹೋಗುತ್ತೆ. ಪಳಗಿದ ಡ್ರೈವರು, ಬಿಸಿ ಮಾಡಿದ ಟೈರು. ಸಿಗ್ನಲ್‌ನಲ್ಲಿ ನಿಂತ ನಮ್ಮಂಥವರಿಗೆ ಆ ಟೈಮ್ ಬರಲ್ಲ. ಕಾಲು ಮೈಲಿ ಓಟದಲ್ಲಿ ಮಾತ್ರ ವ್ಯತ್ಯಾಸ ನಿಜವಾಗಿ ಕಾಣುತ್ತೆ, ಹೆಲ್‌ಕ್ಯಾಟ್ ಬಂದಾಗ ಕಂಪನಿ ಹೇಳಿದ್ದು ಮಾಮೂಲಿ ಟೈರ್‌ನಲ್ಲಿ 11.2 ಸೆಕೆಂಡ್, ಸ್ಕ್ಯಾಟ್ ಪ್ಯಾಕ್ 12 ಚಿಲ್ಲರೆ. ಯಾಕೆ ಅಲ್ಲಿ ಕಾಣುತ್ತೆ ಅಂದ್ರೆ ಆ ಓಟದ ದ್ವಿತೀಯಾರ್ಧ ಪೂರ್ತಿ ನಡೆಯೋದು 90 ಮೈಲಿ ಮೇಲೆ.

ದುಡ್ಡಿನ ವಿಷ್ಯಕ್ಕೆ ಬರೋಣ. 22 ಸಾವಿರ ಡಾಲರ್ ಅಂತರಾನ ಹೆಚ್ಚಿನವರು ಕೈಯಿಂದ ಕೊಡಲ್ಲ, ಲೋನ್‌ಗೆ ಸೇರಿಸ್ತಾರೆ. ಶೇಕಡ 7ರ ಬಡ್ಡಿ, 72 ತಿಂಗಳು ಅಂದ್ರೆ ತಿಂಗಳಿಗೆ 375 ಡಾಲರ್ ಜಾಸ್ತಿ, ಕೊನೆಗೆ ಬಡ್ಡಿನೇ 5,000 ಆಗಿರುತ್ತೆ. ಡೀಲರ್ "ತಿಂಗಳಿಗೆ ಇಷ್ಟೇ ಜಾಸ್ತಿ ಸಾರ್" ಅಂತ ಹೇಳೋದೇ ಈ ರೂಪದಲ್ಲಿ, ಒಟ್ಟು ಮೊತ್ತ ಬಾಯಿಬಿಡಲ್ಲ, ನೀವೇ ಕೇಳಿ ಬರೆಸ್ಕೊಬೇಕು. ಅದರ ಮೇಲೆ ಮಾರ್ಕಪ್ ಅಂತ ಒಂದು ರೋಗ ಇದೆ, ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಅನ್ನೋ ಹೆಸರಲ್ಲಿ ಕಂಪನಿ ರೇಟಿನ ಮೇಲೆ ಸಾವಿರಗಟ್ಟಲೆ ಏರಿಸೋದು, ಇದು ಯಾವಾಗ್ಲೂ ಟಾಪ್ ಮಾಡೆಲ್‌ಗೇ ಜಾಸ್ತಿ ಅಂಟೋದು, ಮಧ್ಯದ ಮಾಡೆಲ್‌ನಲ್ಲಿ ಚೌಕಾಸಿ ಮಾಡೋಕೆ ಜಾಗ ಇರುತ್ತೆ. ನನ್ನ ಗೆಳೆಯನಿಗೆ ಒಬ್ಬ ಡೀಲರ್ ಫೋನಲ್ಲಿ ಒಂದು ರೇಟ್ ಹೇಳಿ ಅಲ್ಲಿ ಹೋದ್ಮೇಲೆ ಇನ್ನೊಂದು ಹೇಳಿದ, ಅವನು ಎದ್ದು ಬಂದು ಬೇರೆ ಊರಲ್ಲಿ ತಗೊಂಡ. ಹಾಗೆ ಎದ್ದು ಬರೋ ಗಟ್ಟಿತನ ಇರ್ಬೇಕು.

ಪೆಟ್ರೋಲ್ ಬಗ್ಗೆ ಎಲ್ರೂ ಹೆದರಿಸ್ತಾರೆ, ನಿಜ ಹೇಳ್ಬೇಕಂದ್ರೆ ಅದು ಇಲ್ಲಿ ದೊಡ್ಡ ವಿಷ್ಯ ಅಲ್ಲ. ಆಟೋಮ್ಯಾಟಿಕ್ ಸ್ಕ್ಯಾಟ್ ಪ್ಯಾಕ್ ಸರ್ಕಾರಿ ಲೆಕ್ಕದಲ್ಲಿ ಗ್ಯಾಲನ್‌ಗೆ 18 ಮೈಲಿ, 2015ರ ಹೆಲ್‌ಕ್ಯಾಟ್ 16. ವರ್ಷಕ್ಕೆ 12 ಸಾವಿರ ಮೈಲಿ ಓಡಿಸಿದ್ರೆ ವ್ಯತ್ಯಾಸ 83 ಗ್ಯಾಲನ್, ಗ್ಯಾಲನ್‌ಗೆ 4 ಡಾಲರ್ ಹಿಡಿದ್ರೂ ವರ್ಷಕ್ಕೆ 330 ಚಿಲ್ಲರೆ, ಅಂದ್ರೆ ಆ ಲೋನ್‌ನ ಒಂದು ತಿಂಗಳ ಕಂತೂ ಅಲ್ಲ. ಹೊಸದು ತಗೊಳ್ಳೋವಾಗ ಗ್ಯಾಸ್ ಗಜ್ಲರ್ ಟ್ಯಾಕ್ಸ್ ಅಂತ ಒಂದ್ಸಲ ಬೀಳುತ್ತೆ, 1978ರ ಕಾಯ್ದೆದು, ಮೈಲೇಜ್ ಎಷ್ಟು ಕಮ್ಮಿ ಅನ್ನೋದರ ಮೇಲೆ 1,000 ಡಾಲರ್‌ನಿಂದ 7,700ರವರೆಗೆ. ನಿಜವಾಗಿ ಕೈ ಸುಡೋದು ಟೈರು ಮತ್ತೆ ಇನ್ಶೂರೆನ್ಸು. ಹಿಂದಿನ ಟೈರ್ ಎಷ್ಟು ದಿನ ಬರುತ್ತೆ ಅನ್ನೋದು ಪೂರ್ತಿ ನಿಮ್ಮ ಬಲಗಾಲಿಗೆ ಬಿಟ್ಟಿದ್ದು, ಆದ್ರೆ 700 ಹಾರ್ಸ್‌ಪವರ್ ಇರೋ ಕಾರಲ್ಲಿ ಬಲಗಾಲು ಸುಮ್ನಿರೋದು ಕಷ್ಟ, 20 ಇಂಚಿನ ಒಳ್ಳೇ ಟೈರ್ ಅಗ್ಗ ಅಲ್ಲ. ಇನ್ಶೂರೆನ್ಸಂತೂ ಕಾರ್ ತಗೊಂಡ ಮೇಲೆ ಕೇಳೋದಲ್ಲ, ಮೊದಲೇ ಎರಡೂ ಮಾಡೆಲ್‌ಗೆ ರೇಟ್ ಕೇಳಿ ಪಕ್ಕ ಪಕ್ಕ ಇಟ್ಟು ನೋಡಿ. 25 ವರ್ಷದೊಳಗಿನ ಗಂಡು ಹುಡುಗ ಆದ್ರೆ ಕೇಳೋದೇ ಬೇಡ. ಕಳ್ಳತನಾನೂ ಇದೆ. ಇನ್ಶೂರೆನ್ಸ್ ಕ್ಲೇಮ್‌ಗಳ ಲೆಕ್ಕ ಇಡೋ ಇಲ್ಲಿನ ಹೈವೇ ಲಾಸ್ ಡೇಟಾ ಇನ್‌ಸ್ಟಿಟ್ಯೂಟ್ 2023ರಲ್ಲಿ ಹೊರಗೆ ತಂದ ವರದಿ ಪ್ರಕಾರ ಡಾಡ್ಜ್‌ನದೇ ಇನ್ನೊಂದು ಕಾರ್ ಚಾರ್ಜರ್‌ನ ಹೆಲ್‌ಕ್ಯಾಟ್ ಮಾಡೆಲ್ ಕಳುವಾಗಿರೋ ಕ್ಲೇಮ್‌ಗಳು ಸರಾಸರಿ ಕಾರಿಗಿಂತ 60 ಪಟ್ಟಿಗೂ ಜಾಸ್ತಿ. ಡಾಡ್ಜ್ ಕಂಪನಿ ಕಳ್ಳರನ್ನ ತಡೆಯೋಕೆ ಅಂತಾನೇ ಪಿನ್ ನಂಬರ್ ಹಾಕದಿದ್ರೆ ಇಂಜಿನ್ ಪವರನ್ನ 3 ಹಾರ್ಸ್‌ಪವರ್‌ಗೆ ಇಳಿಸೋ ಸಾಫ್ಟ್‌ವೇರ್ ಕೊಡಬೇಕಾಗಿ ಬಂತು ಅಂದ್ರೆ ನೀವೇ ಯೋಚ್ನೆ ಮಾಡಿ. ಅಪಾರ್ಟ್‌ಮೆಂಟ್‌ನಲ್ಲಿ ಇದ್ದು ರಾತ್ರಿ ಕಾರ್ ಹೊರಗೆ ನಿಲ್ಲಿಸೋರು ಹೆಲ್‌ಕ್ಯಾಟ್ ಕಡೆ ಹೋಗ್ಲೇಬಾರದು ಅಂತ ನನ್ನ ಅಭಿಪ್ರಾಯ, ನಿದ್ದೆನೇ ಬರಲ್ಲ.

ಹಾಗಂತ ಜಾಸ್ತಿ ರೇಟಿನ ಮಾಡೆಲ್ ಯಾವತ್ತೂ ದಂಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ಹಾರ್ಸ್‌ಪವರ್‌ಗೋಸ್ಕರ ಕೊಡೋ ದುಡ್ಡು ಬೇರೆ, ಆ ಪವರನ್ನ ಹಿಡಿದಿಡೋ ಸಾಮಾನುಗಳಿಗೆ ಕೊಡೋ ದುಡ್ಡು ಬೇರೆ. ಮಸ್ಟಾಂಗ್ ತಗೊಳ್ಳಿ. 2024ರ ಮಾಡೆಲ್‌ನಲ್ಲಿ ಜಿಟಿಗೆ 480 ಹಾರ್ಸ್‌ಪವರ್, ಡಾರ್ಕ್ ಹಾರ್ಸ್‌ಗೆ 500. ಎರಡರಲ್ಲೂ ಅದೇ 5 ಲೀಟರ್ ವಿ8, ರೇಟಿನ ಅಂತರ ಆಗ 16-17 ಸಾವಿರ ಡಾಲರ್. ಒಂದು ಹಾರ್ಸ್‌ಪವರ್‌ಗೆ ಇಷ್ಟು ಅಂತ ಭಾಗಿಸಿದ್ರೆ 800 ಡಾಲರ್ ದಾಟುತ್ತೆ, ಹೆಲ್‌ಕ್ಯಾಟ್ ಲೆಕ್ಕಕ್ಕೆ ಹೋಲಿಸಿದ್ರೆ ಹಗಲು ದರೋಡೆ ಅನ್ನಿಸ್ಬೇಕು ಅಲ್ವಾ? ಆದ್ರೆ ನಾನು ಟ್ರ್ಯಾಕ್‌ಗೆ ಹೋಗೋರಿಗೆ ಡಾರ್ಕ್ ಹಾರ್ಸ್ ತಗೊಳ್ಳಿ ಅಂತ ಧೈರ್ಯವಾಗಿ ಹೇಳ್ತೀನಿ. ಯಾಕಂದ್ರೆ ಅದರಲ್ಲಿ ಮ್ಯಾನ್ಯುಯಲ್ ತಗೊಂಡ್ರೆ ಬೇರೆಯೇ ಗೇರ್‌ಬಾಕ್ಸ್ ಇದೆ, ಟ್ರೆಮೆಕ್ ಕಂಪನಿದು, ಜಿಟಿಯಲ್ಲಿರೋ ಗೆಟ್ರಾಗ್ ಕಂಪನಿದಕ್ಕಿಂತ ಗಟ್ಟಿ. ದೊಡ್ಡ ಬ್ರೆಂಬೋ ಬ್ರೇಕು, ಹಿಡಿತ ಇರೋ ಚಕ್ರಕ್ಕೆ ಪವರ್ ಜಾಸ್ತಿ ಕಳಿಸೋ ಟಾರ್ಸೆನ್ ಡಿಫರೆನ್ಷಿಯಲ್ಲು, ರೋಡ್ ನೋಡಿ ತಾನೇ ಬಿಗಿ ಸಡಿಲ ಮಾಡ್ಕೊಳ್ಳೋ ಮ್ಯಾಗ್ನೆರೈಡ್ ಡ್ಯಾಂಪರು, ಬಿಸಿ ತಡೆಯೋಕೆ ಜಾಸ್ತಿ ಕೂಲಿಂಗು. ಇವೆಲ್ಲ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರಲ್ಲ, 500 ಅನ್ನೋ ನಂಬರ್ ಬರುತ್ತೆ. ಟ್ರ್ಯಾಕ್ ಚಟ ಇಲ್ಲ, ಆದ್ರೂ ಬ್ರೇಕ್ ಚೆನ್ನಾಗಿರ್ಬೇಕು ಅನ್ನೋರಿಗೆ ಜಿಟಿ ಮೇಲೇ ಪರ್ಫಾರ್ಮೆನ್ಸ್ ಪ್ಯಾಕ್ ಹಾಕಿಸ್ಕೊಳ್ಳೋ ದಾರಿ ಇದೆ, ದೊಡ್ಡ ಬ್ರೆಂಬೋ, ಟಾರ್ಸೆನ್ ಎರಡೂ ಬರುತ್ತೆ, ಅಂತರದ ಒಂದು ಸಣ್ಣ ಭಾಗದ ದುಡ್ಡಲ್ಲಿ. ಇಡೀ ಮಸಲ್ ಕಾರ್ ಬಜಾರಿನಲ್ಲಿ ಕೊಟ್ಟ ಕಾಸಿಗೆ ಸರಿಯಾದ ಮಾಲು ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಬ್ರೇಕ್‌ಗೆ ಯಾಕಿಷ್ಟು ಒತ್ತಿ ಹೇಳ್ತೀನಿ ಅಂದ್ರೆ, 60 ಮೈಲಿಯಲ್ಲಿ ಹೋಗೋ ಕಾರಿಗಿಂತ 120ರಲ್ಲಿ ಹೋಗೋ ಅದೇ ಕಾರಲ್ಲಿ ನಾಲ್ಕು ಪಟ್ಟು ಶಕ್ತಿ ತುಂಬಿರುತ್ತೆ, ಎರಡು ಪಟ್ಟಲ್ಲ. ನಿಲ್ಲಿಸೋವಾಗ ಅಷ್ಟೂ ಬಿಸಿಯಾಗಿ ಡಿಸ್ಕ್‌ಗೆ ಇಳೀಬೇಕು. ಹೆಲ್‌ಕ್ಯಾಟ್‌ಗೆ ಮುಂದೆ 15.4 ಇಂಚಿನ ಡಿಸ್ಕ್, ಆರು ಪಿಸ್ಟನ್ ಕ್ಯಾಲಿಪರ್ ಕೊಟ್ಟಿರೋದು ಅದಕ್ಕೇ, ಆ 22 ಸಾವಿರದಲ್ಲಿ ನಿಜವಾದ ಬೆಲೆ ಇರೋ ಭಾಗ ಅದು. ಸೆಕೆಂಡ್ ಹ್ಯಾಂಡ್ ತಗೊಂಡು ಹೊರಗಡೆ ಪವರ್ ಏರಿಸ್ತೀವಿ ಅನ್ನೋ ಹುಡುಗರು ಬಹಳ ಇದಾರೆ, ಜಿಟಿಗೆ ಸೂಪರ್‌ಚಾರ್ಜರ್ ಕಿಟ್ ಹಾಕಿಸಿದ್ರೆ ಕಮ್ಮಿ ದುಡ್ಡಲ್ಲಿ 700 ಬರುತ್ತೆ ಅಂತ. ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆ 700ನ್ನ ನಿಲ್ಲಿಸೋದು 480ಕ್ಕೆ ಮಾಡಿದ ಬ್ರೇಕು, ಹೊತ್ಕೊಳ್ಳೋದು 480ಕ್ಕೆ ಮಾಡಿದ ಗೇರ್‌ಬಾಕ್ಸು. ಮ್ಯಾಗ್ನುಸನ್ ಮಾಸ್ ಅನ್ನೋ 1975ರ ವಾರಂಟಿ ಕಾಯ್ದೆ ಇದೆ, ಹೊರಗಿನ ಪಾರ್ಟ್ ಹಾಕಿದ ಮಾತ್ರಕ್ಕೆ ವಾರಂಟಿ ಪೂರ್ತಿ ತಳ್ಳಿಹಾಕೋ ಹಾಗಿಲ್ಲ ನಿಜ, ಆದ್ರೆ ಇಂಜಿನ್ ಹೋಗಿದ್ದು ಸೂಪರ್‌ಚಾರ್ಜರ್‌ನಿಂದ ಅಂತ ಕಂಪನಿ ತೋರಿಸೋದು ಕಷ್ಟದ ಕೆಲಸ ಏನಲ್ಲ, ಆಗ ಬಿಲ್ ನಿಮ್ಮದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮಸಲ್ ಕಾರ್ ಅಂತ ಶುರುವಾಗಿದ್ದೇ ಕಮ್ಮಿ ದುಡ್ಡಿಗೆ ಜಾಸ್ತಿ ಪವರ್ ಕೊಡೋಕೆ. 1964ರಲ್ಲಿ ಜನರಲ್ ಮೋಟಾರ್ಸ್‌ಗೆ ಸೇರಿದ ಪಾಂಟಿಯಾಕ್‌ನವರು ಟೆಂಪೆಸ್ಟ್ ಅನ್ನೋ ಮಧ್ಯಮ ಸೈಜಿನ ಸಾದಾ ಕಾರಿಗೆ ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ ಇಂಜಿನ್ ಕೂರಿಸಿ ಜಿಟಿಓ ಅಂತ ಮಾರಿದ್ರು, ಆಗ ಜನರಲ್ ಮೋಟಾರ್ಸ್‌ನಲ್ಲಿ ಆ ಸೈಜಿನ ಕಾರಿಗೆ 330 ಕ್ಯೂಬಿಕ್ ಇಂಚು ದಾಟಬಾರದು ಅನ್ನೋ ನಿಯಮ ಇತ್ತು, ಅದನ್ನ ತಪ್ಪಿಸೋಕೆ ಆಪ್ಷನ್ ಪ್ಯಾಕೇಜ್ ಅಂತ ಕೊಟ್ರು, 300 ಡಾಲರ್‌ಗಿಂತ ಕಮ್ಮಿ. ಅದೇ ವರ್ಷ ಏಪ್ರಿಲ್ 17ಕ್ಕೆ ಮಸ್ಟಾಂಗ್ ಬಂತು, 2,368 ಡಾಲರ್. ಕೆಲಸಕ್ಕೆ ಸೇರಿದ ಹುಡುಗ ತನ್ನ ಸಂಬಳದಲ್ಲಿ ತಗೊಳ್ಳೋ ಹಾಗಿತ್ತು, ಅದಕ್ಕೇ ಅಷ್ಟು ಜನ ತಗೊಂಡ್ರು. ಆಮೇಲೆ ಪವರ್ ಪೈಪೋಟಿ ಶುರುವಾಗಿ 1970ರ ಹೊತ್ತಿಗೆ ಶೆವ್ರೊಲೆ ಶೆವೆಲ್‌ನ 454 ಕ್ಯೂಬಿಕ್ ಇಂಚಿನ ಇಂಜಿನ್‌ಗೆ 450 ಹಾರ್ಸ್‌ಪವರ್ ಅಂತ ಬರೆಯೋ ಮಟ್ಟಕ್ಕೆ ಬಂತು, ಅದನ್ನ ಅಳೆದಿದ್ದು ಫ್ಯಾನು ಆಲ್ಟರ್ನೇಟರು ಸೈಲೆನ್ಸರು ಏನೂ ಇಲ್ಲದ ಬರೀ ಇಂಜಿನ್ ಮೇಲೆ, 1972ರಿಂದ ಅವನ್ನೆಲ್ಲ ಜೋಡಿಸಿ ಅಳೆಯೋ ನೆಟ್ ಅಳತೆ ಬಂದ್ಮೇಲೆ ನಂಬರ್‌ಗಳೆಲ್ಲ ಇಳಿದುಹೋದ್ವು. ಅಷ್ಟರಲ್ಲಿ ಇನ್ಶೂರೆನ್ಸ್‌ನವರು ಪವರ್ ಜಾಸ್ತಿ ಇರೋ ಕಾರಿಗೆ ರೇಟ್ ಏರಿಸಿದ್ರು, ಹೊಗೆ ನಿಯಮ ಬಂತು, 1973ರ ತೈಲ ಬಿಕ್ಕಟ್ಟು ಬಂತು, ಆ ಕಾಲ ಮುಗೀತು. ಹುಡುಗರ ಕೈಗೆ ಎಟುಕದ ರೇಟು ಆದಾಗ ಈ ಕಾರ್‌ಗಳು ಒಂದ್ಸಲ ಸತ್ತುಹೋಗಿದ್ವು ಅನ್ನೋದು ನೆನಪಿರ್ಬೇಕು.

ಮುಂದೆ ಬೆಲೆ ಬರುತ್ತೆ, ಇದು ಇನ್ವೆಸ್ಟ್‌ಮೆಂಟ್ ಅನ್ನೋ ವಾದಾನೂ ನಿಮ್ಮ ಲೇಖನದಲ್ಲಿತ್ತು. 1971ರ ಹೆಮಿ ಕುಡಾ ಅನ್ನೋ ಪ್ಲಿಮತ್ ಕಂಪನಿಯ ಕನ್ವರ್ಟಿಬಲ್ ಕಾರ್ ಒಂದು 2014ರಲ್ಲಿ 35 ಲಕ್ಷ ಡಾಲರ್‌ಗೆ ಹರಾಜಾಯ್ತು, ಎಲ್ರೂ ಹೇಳೋದು ಇದನ್ನೇ. ಆದ್ರೆ ಆ ವರ್ಷ ಅಂಥ ಕಾರ್ ಮಾಡಿದ್ದೇ ಬೆರಳೆಣಿಕೆ, ಹೊಸದಿದ್ದಾಗ ದುಬಾರಿ ಅಂತ ಜಾಸ್ತಿ ಜನ ತಗೊಳ್ಲಿಲ್ಲ, ತಗೊಂಡೋರು ಓಡಿಸಿ ಸವೆಸಿದ್ರು, ಉಳಿದಿದ್ದಕ್ಕೆ ಆ ಬೆಲೆ. ಈಗ ಹಾಗಲ್ಲ, ಚಾಲೆಂಜರ್‌ನಲ್ಲೇ ಹೆಲ್‌ಕ್ಯಾಟ್‌ಗಿಂತ ಮೇಲಿನ ಮಾಡೆಲ್ ಆದ 2018ರ ಡೀಮನ್ 3,300 ಮಾಡಿದ್ರು, ತಗೊಂಡ ಎಷ್ಟೋ ಜನ ಕವರ್ ಕೂಡ ತೆಗೀದೆ ಗ್ಯಾರೇಜ್‌ನಲ್ಲಿ ಇಟ್ಟಿದಾರೆ. ಎಲ್ರೂ ಜೋಪಾನವಾಗಿ ಇಟ್ಟಿರೋ ವಸ್ತು ಅಪರೂಪ ಹೆಂಗಾಗುತ್ತೆ? ಮಾಮೂಲಿ ಹೆಲ್‌ಕ್ಯಾಟ್ ಅದಕ್ಕಿಂತ ಎಷ್ಟೋ ಜಾಸ್ತಿ ಇವೆ. ಬೇರೆ ಕಾರ್‌ಗಳಿಗಿಂತ ಬೆಲೆ ಚೆನ್ನಾಗಿ ಹಿಡ್ಕೊಂಡಿರುತ್ತೆ, ಅದನ್ನ ಒಪ್ಪಬಹುದು, ಆದ್ರೆ ಮೈಲಿ ಓಡಿಸಿದ ಹಾಗೆಲ್ಲ ಇಳಿಯೋದು ಇಳಿಯುತ್ತೆ, ಓಡಿಸದೇ ಇಡೋಕೆ ಮಸಲ್ ಕಾರ್ ಯಾಕೆ ತಗೋಬೇಕು.

ಡಾಡ್ಜ್‌ನ ಎಲೆಕ್ಟ್ರಿಕ್ ಕಾರ್ ಚಾರ್ಜರ್ ಡೇಟೋನಾ ಬಂದಿದೆಯಲ್ಲ, ಅದರಲ್ಲಿ ನಾಲ್ಕೂ ಚಕ್ರಕ್ಕೆ ಪವರ್, ಅದರ ಸ್ಕ್ಯಾಟ್ ಪ್ಯಾಕ್ ಮಾಡೆಲ್‌ಗೆ 670 ಹಾರ್ಸ್‌ಪವರ್. ನಾಲ್ಕು ಟೈರ್ ಸೇರಿ ಎಳೆಯೋದ್ರಿಂದ ನಾನು ಮೇಲೆ ಹೇಳಿದ ಲೆಕ್ಕ ಅದಕ್ಕೆ ಅನ್ವಯ ಆಗಲ್ಲ, ಅಲ್ಲಿ ಜಾಸ್ತಿ ಪವರ್ ಕೆಳಗಿನ ಸ್ಪೀಡ್‌ನಲ್ಲೂ ರೋಡಿಗೆ ಇಳಿಯುತ್ತೆ. ಆದ್ರೆ ತೂಕ 5,800 ಪೌಂಡ್ ದಾಟುತ್ತೆ. ತಿರುವಿನಲ್ಲಿ ಅದನ್ನ ಹಿಡಿದು ತಿರುಗಿಸೋ ಕೆಲಸ ಟೈರ್‌ದೇ.

ಹಾಗಾದ್ರೆ ಯಾರು ಹೆಲ್‌ಕ್ಯಾಟು, ಝಡ್‌ಎಲ್1 ಕಮಾರೋ, 760 ಹಾರ್ಸ್‌ಪವರ್‌ನ ಮಸ್ಟಾಂಗ್ ಶೆಲ್ಬಿ ಜಿಟಿ500 ಇಂಥವನ್ನ ತಗೋಬೇಕು? ತಿಂಗಳಿಗೊಂದ್ಸಲನಾದ್ರೂ ಡ್ರ್ಯಾಗ್ ಸ್ಟ್ರಿಪ್‌ಗೋ ಟ್ರ್ಯಾಕ್‌ಗೋ ಹೋಗೋರು, ಟೈರಿಗೆ ಅಂತಾನೇ ದುಡ್ಡು ಎತ್ತಿಡೋರು, ಬೀಗ ಹಾಕೋ ಗ್ಯಾರೇಜ್ ಇರೋರು, ಮನೇಲಿ ದಿನದ ಓಡಾಟಕ್ಕೆ ಇನ್ನೊಂದು ಕಾರ್ ಇರೋರು. ನನ್ನ ಗೆಳೆಯ ಹಾಗೇ ಇದಾನೆ, ಬೇಸಿಗೆ ಪೂರ್ತಿ ಸ್ಟ್ರಿಪ್‌ನಲ್ಲಿರ್ತಾನೆ, ಅವನು ಕೊಟ್ಟ ದುಡ್ಡಿಗೆ ನಾನು ಒಂದು ಮಾತೂ ಆಡಲ್ಲ, ಸರಿಯಾಗೇ ತಗೊಂಡ. ಇಲ್ಲ, ಮೊದಲಿಂದ ಅದೇ ಕಾರಿನ ಕನಸು ಕಂಡಿದೀನಿ, ಸಾಲ ಇಲ್ಲದೇ ತಗೋತೀನಿ, ದಿನಾ ನೋಡಿ ಖುಷಿಪಡ್ತೀನಿ ಅನ್ನೋರು ಇದ್ರೆ ಅವರೂ ತಗೊಳ್ಳಲಿ, ಆಸೆ ಅನ್ನೋದೂ ಒಂದು ಕಾರಣವೇ, ಅದಕ್ಕೆ ಸಾಕ್ಷಿ ಪುರಾವೆ ಬೇಕಿಲ್ಲ. ಆದ್ರೆ ಸ್ಟ್ರೆಚ್ ಮಾಡಿ, ಮುಂದಿನ ಆರು ವರ್ಷದ ಸಂಬಳ ನಂಬ್ಕೊಂಡು, ಆಫೀಸಿಗೆ ಹೋಗಿಬರೋಕೆ 700 ಹಾರ್ಸ್‌ಪವರ್ ಬೇಡ.

ನಮ್ಮ ಹುಡುಗ ಅಷ್ಟೆಲ್ಲ ಕೇಳಿ, "ಆದ್ರೂ ಮಾವ, ಒಂದ್ಸಲನಾದ್ರೂ 700 ಓಡಿಸ್ಬೇಕು ಅನ್ಸುತ್ತಲ್ಲ" ಅಂದ. ಅನ್ಸ್ಲಿ ಕಣಪ್ಪ, ಓಡಿಸು, ಬಾಡಿಗೆಗೆ ಸಿಗುತ್ತೆ ಒಂದು ದಿನಕ್ಕೆ, ಅದಕ್ಕಿಂತ ಒಳ್ಳೇದು ಟ್ರ್ಯಾಕ್ ಸ್ಕೂಲ್‌ಗೆ ಹೋಗು, ಕಲಿಸೋರು ಪಕ್ಕದಲ್ಲಿ ಕೂತಿರ್ತಾರೆ, ಅಲ್ಲಿ 90 ಮೈಲಿ ದಾಟಿದ್ರೆ ಯಾರೂ ಟಿಕೆಟ್ ಕೊಡಲ್ಲ ಅಂದೆ. ಡಾಡ್ಜ್‌ನವರು ಎಸ್‌ಆರ್‌ಟಿ ಅನ್ನೋ ತಮ್ಮ ಜೋರಿನ ಕಾರ್ ತಗೊಂಡೋರಿಗೆ ಅರಿಜೋನಾದ ರೇಸಿಂಗ್ ಸ್ಕೂಲಲ್ಲಿ ಒಂದು ದಿನದ ತರಬೇತಿ ಸೇರಿಸಿಯೇ ಕೊಡ್ತಿದ್ರು, ಅಂದ್ರೆ ಕಲೀದೇ ಓಡಿಸೋ ಗಾಡಿ ಅಲ್ಲ ಇದು ಅಂತ ಅವರಿಗೂ ಗೊತ್ತಿತ್ತು. ಕೊನೆಗೆ ಅವನು ಸ್ಕ್ಯಾಟ್ ಪ್ಯಾಕ್ ತಗೊಂಡ, ಉಳಿದ ದುಡ್ಡಲ್ಲಿ ಒಳ್ಳೇ ಟೈರು, ಬ್ರೇಕ್ ಪ್ಯಾಡು, ಎರಡು ದಿನದ ಡ್ರೈವಿಂಗ್ ಕ್ಲಾಸು, ಇನ್ನೂ ಬೇಕಾದಷ್ಟು ಉಳೀತು.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ಕಾರ್‌ಗಳ ಹೋಲಿಕೆ ಹಾಕೋವಾಗ ಹಾರ್ಸ್‌ಪವರ್, 0ಯಿಂದ 60, ಬೆಲೆ ಇಷ್ಟೇ ಹಾಕಿ ನಿಲ್ಲಿಸ್ಬೇಡಿ. ಹಿಂದಿನ ಟೈರಿನ ಅಗಲ, ಕಾರಿನ ತೂಕ, ಮುಂದಿನ ಡಿಸ್ಕ್‌ನ ಸೈಜು, ಗೇರ್‌ಬಾಕ್ಸ್ ಯಾವುದು, 25 ವರ್ಷದ ಒಬ್ಬನಿಗೆ ವರ್ಷದ ಇನ್ಶೂರೆನ್ಸ್ ಎಷ್ಟು ಬರುತ್ತೆ, ಇವನ್ನೂ ಒಂದು ಸಾಲಲ್ಲಿ ಹಾಕಿ. ಓದೋರು ತಾವೇ ಲೆಕ್ಕ ಹಾಕ್ಕೊಳ್ತಾರೆ.

ಇಂತಿ ನಿಮ್ಮ ಓದುಗ,
ಮಿಷಿಗನ್, ಅಮೆರಿಕ